ದೊಡ್ಡವರ ಮನೆ ಬೀರುವಿಗೆ ಕೈಮಗ್ಗದ ಸೀರೆ ತಲುಪಿಸಿದ ಕಮಲಾದೇವಿ: ಮಂಗಳೂರು ಹೆಣ್ಣುಮಗಳ ಬದುಕು, ಮಗ್ಗದ ಊರುಗಳಿಗೆ ಪಾಠ

ದೊಡ್ಡಬಳ್ಳಾಪುರ: ಮದುವೆ ಸೀಸನ್ ಬಂತೆಂದರೆ ಸೀರೆ ಅಂಗಡಿಯವರಿಗೆ ಗೊತ್ತು, ಗಿರಾಕಿಗಳು ರೇಟು ಕೇಳುವುದಕ್ಕೆ ಮೊದಲು ಇನ್ನೊಂದು ಮಾತು ಕೇಳುತ್ತಾರೆ. ಇದು ಕೈಮಗ್ಗದ್ದೋ, ಮಷಿನ್‌ದೋ ಅಂತ. ಕೈಮಗ್ಗದ್ದು ಎಂದರೆ ಬೆಲೆ ಹೆಚ್ಚಾದರೂ ಕೊಳ್ಳುವವರಿದ್ದಾರೆ. ಸಿನಿಮಾ ನಟಿಯರು, ದೊಡ್ಡ ಅಧಿಕಾರಿಗಳು, ಉದ್ಯಮಿಗಳ ಮನೆಯವರು ಸಮಾರಂಭಕ್ಕೆ ಕೈಮಗ್ಗದ ಸೀರೆ ಉಟ್ಟು ಬಂದರೆ ಅದೇ ಒಂದು ಸುದ್ದಿ. ಆದರೆ ಎಪ್ಪತ್ತೈದು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ದೊಡ್ಡ ಮನೆತನದ ಹೆಂಗಸರಿಗೆ ಫ್ಯಾಷನ್ ಎಂದರೆ ಪರದೇಶದ ಬಟ್ಟೆ. ಊರ ನೇಕಾರ ನೇಯ್ದದ್ದು ಅಜ್ಜಿಯರ ಪಾಲಿಗೆ, ಹಳ್ಳಿಯವರ ಪಾಲಿಗೆ.

ಈ ಲೆಕ್ಕವನ್ನು ಉಲ್ಟಾ ಮಾಡಿದವರಲ್ಲಿ ಮೊದಲ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಕೇಳಿದರೆ ಬಂಗಾಳದವರು ಅನಿಸುತ್ತೆ. ಹುಟ್ಟಿದ್ದು ಮಾತ್ರ ಕರಾವಳಿಯ ಮಂಗಳೂರಿನಲ್ಲಿ. ಅವರು ಕತ್ತರಿ ಹಿಡಿದು ಬಟ್ಟೆ ಕತ್ತರಿಸಿದವರಲ್ಲ, ತಮ್ಮ ಹೆಸರಿನ ಲೇಬಲ್ ಹೊಲಿಸಿದವರೂ ಅಲ್ಲ. ಆದರೂ ಸ್ವಾತಂತ್ರ್ಯದ ನಂತರ ದೆಹಲಿಯ ಗಣ್ಯರ ಮನೆಯ ಹೆಂಗಸರು ಏನು ಉಡಬೇಕು, ದಿವಾನಖಾನೆಗೆ ಯಾವ ಪರದೆ ಹಾಕಬೇಕು ಅನ್ನುವುದನ್ನು ಬದಲಿಸಿದ ಪ್ರಭಾವ ಅವರದು. ವಿದ್ಯುತ್ ಮಗ್ಗದ ಊರಾದ ದೊಡ್ಡಬಳ್ಳಾಪುರಕ್ಕೆ, ರೇಷ್ಮೆ ಗೂಡಿನ ವಿಜಯಪುರಕ್ಕೆ ಅವರ ಬದುಕಿನಲ್ಲಿ ತಿಳಿಯುವುದು ಬಹಳ ಇದೆ.

ಆಸ್ತಿ ಕಳೆದುಕೊಂಡ ಮನೆ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ ಆಗಿನ ಮದ್ರಾಸ್ ಪ್ರಾಂತ್ಯದ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಸ್ವಾಭಿಮಾನದ ಹೆಂಗಸು. ಸಾರಸ್ವತ ಮನೆತನ, ಅನುಕೂಲಸ್ಥ ಕುಟುಂಬ. ಹೆಣ್ಣುಮಕ್ಕಳಲ್ಲಿ ಕಮಲಾದೇವಿಯೇ ಕಿರಿಯಳು.

ಬಾಲಕಿಗೆ ಏಳು ವರ್ಷ ಇರುವಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿ, ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ತಿಂಗಳ ಖರ್ಚಿಗೆ ಇಷ್ಟು ಎನ್ನುವ ಹಣ ಮಾತ್ರ. ಗಿರಿಜಾಬಾಯಿ ಆ ಹಣವನ್ನೂ ಬೇಡ ಎಂದು ಬಿಟ್ಟು, ತವರಿಂದ ತಂದಿದ್ದರಲ್ಲೇ ಮಕ್ಕಳನ್ನು ಸಾಕಿದರು. ಕಾಗದದಲ್ಲಿ ಹೆಸರಿಲ್ಲದಿದ್ದರೆ ದುಡಿದವರಿಗೂ ಬಾಳಿದವರಿಗೂ ಏನೂ ಉಳಿಯುವುದಿಲ್ಲ ಅನ್ನುವುದನ್ನು ಆ ಹುಡುಗಿ ಅಷ್ಟು ಚಿಕ್ಕ ವಯಸ್ಸಿಗೇ ಕಂಡಳು. ಮುಂದೆ ಹೆಸರಿಲ್ಲದ ನೇಕಾರರು, ಕುಶಲಕರ್ಮಿಗಳ ಪರ ನಿಂತವರು ಇವರೇ.

1917ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಮದುವೆ. ಎರಡೇ ವರ್ಷಕ್ಕೆ ಗಂಡ ಕೃಷ್ಣರಾವ್ ತೀರಿಕೊಂಡರು. ಆ ಕಾಲಕ್ಕೆ ವಿಧವೆ ಎಂದರೆ ಮೂಲೆಯಲ್ಲಿ ಕೂರಬೇಕು, ಬಣ್ಣದ ಸೀರೆ ಉಡಬಾರದು, ಹೂ ಮುಡಿಯಬಾರದು. ಗಿರಿಜಾಬಾಯಿ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಓದಲು ಕಳಿಸಿದರು. ಕಮಲಾದೇವಿ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು.

ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಸ್ನೇಹವಾಯಿತು. ಅವರ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ. ಹರೀಂದ್ರನಾಥ ಕವಿ, ನಾಟಕಕಾರ, ನಟ. ಇಪ್ಪತ್ತರ ಪ್ರಾಯದಲ್ಲಿ ಕಮಲಾದೇವಿ ಅವರನ್ನು ಮದುವೆಯಾದರು. ವಿಧವೆಗೆ ಮರುಮದುವೆ, ಅದೂ ಬೇರೆ ಭಾಷೆ, ಬೇರೆ ಪ್ರಾಂತ್ಯದ ಹುಡುಗನ ಜೊತೆ! ಸಂಪ್ರದಾಯಸ್ಥರು ಸುಮ್ಮನಿರಲಿಲ್ಲ. ಇವರು ಕೇಳಲೂ ಇಲ್ಲ. ಮುಂದೆ ಜೀವನಪೂರ್ತಿ ಬಣ್ಣಬಣ್ಣದ ಕೈಮಗ್ಗದ ಸೀರೆ, ದೊಡ್ಡ ದೊಡ್ಡ ಒಡವೆ, ತುರುಬಿಗೆ ಹೂವು ಅವರ ಗುರುತಾಯಿತು. ಹೀಗೆ ಕಾಣಿಸಿಕೊಳ್ಳಲು ಅವರು ಮೊದಲು ಊರಿನ ಮಾತನ್ನು ಎದುರಿಸಬೇಕಾಗಿತ್ತು ಅನ್ನುವುದು ನೆನಪಿರಬೇಕು.

ರಂಗದ ಮೇಲೂ, ಬೀದಿಯಲ್ಲೂ

ಗಂಡ ಹೆಂಡತಿ ಇಬ್ಬರಿಗೂ ನಾಟಕದ ಹುಚ್ಚು. ಮರ್ಯಾದಸ್ಥರ ಮನೆ ಹೆಂಗಸರು ಬಣ್ಣ ಹಚ್ಚುವುದು ಅವಮಾನ ಎನ್ನುತ್ತಿದ್ದ ಕಾಲದಲ್ಲಿ ಕಮಲಾದೇವಿ ರಂಗದ ಮೇಲೆ ನಿಂತರು. ಕನ್ನಡ ಚಿತ್ರರಂಗದ ಆರಂಭದ ಮೂಕಿ ಚಿತ್ರಗಳಲ್ಲಿ ಒಂದೆಂದು ಹೆಸರಾದ, ಶೂದ್ರಕನ ಮೃಚ್ಛಕಟಿಕ ನಾಟಕದ ಕಥೆಯ ಚಿತ್ರದಲ್ಲೂ ಅವರು ನಟಿಸಿದರು. 1943ರಲ್ಲಿ ಸೈಗಲ್ ಅಭಿನಯದ ಹಿಂದಿ ಚಿತ್ರ ತಾನ್‌ಸೇನ್‌ನಲ್ಲೂ ಪಾತ್ರ ಮಾಡಿದರು.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿ ಬಂದ ಮೇಲೆ ಅವರು ಗಾಂಧೀಜಿಯ ಚಳವಳಿಗೆ ಇಳಿದರು. 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ಮಂಗಳೂರು ಕಡೆಯಿಂದ ಚುನಾವಣೆಗೆ ನಿಂತರು. ದೇಶದಲ್ಲಿ ಶಾಸನ ಸಭೆ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂಬ ಹೆಸರು ಅವರದು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಸೋತಿದ್ದು ಬಹಳ ಕಡಿಮೆ ಮತಗಳ ಅಂತರದಲ್ಲಿ. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾದಾಗ ಅದರ ಸಂಘಟನೆಯ ಹೊಣೆ ಹೊತ್ತರು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಕೊಡಲೇಬೇಕು ಎಂದು ಗಾಂಧೀಜಿಯ ಬಳಿ ಪಟ್ಟು ಹಿಡಿದವರಲ್ಲಿ ಕಮಲಾದೇವಿಯೂ ಒಬ್ಬರು. ಬೊಂಬಾಯಿಯಲ್ಲಿ ಸಮುದ್ರ ದಂಡೆಯಲ್ಲಿ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಷೇರುಪೇಟೆಯ ಮುಂದೆ ನಿಂತು ಮಾರಿದರು. ಕೋರ್ಟಿಗೂ ಹೋಗಿ ಮ್ಯಾಜಿಸ್ಟ್ರೇಟರಿಗೇ ಈ ಉಪ್ಪು ಕೊಳ್ಳಿ ಎಂದು ಕೇಳಿದರು. ಕೊನೆಗೆ ಜೈಲು. ಆಮೇಲೂ ಹಲವು ಸಲ ಜೈಲುವಾಸ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯೂ ಆದರು. ಈ ನಡುವೆ ದಾಂಪತ್ಯ ಮುರಿಯಿತು. ಮಗ ರಾಮಕೃಷ್ಣನ ಜವಾಬ್ದಾರಿ, ಚಳವಳಿ, ಪ್ರವಾಸ ಎಲ್ಲವನ್ನೂ ಒಟ್ಟಿಗೆ ನಿಭಾಯಿಸಬೇಕಾಯಿತು.

ಬೀದಿಯಲ್ಲಿ ಉಪ್ಪಿನ ಪೊಟ್ಟಣ ಮಾರಿದ ಅನುಭವ ಸಣ್ಣದಲ್ಲ. ಜನ ಬರೀ ಸರಕು ಕೊಳ್ಳುವುದಿಲ್ಲ, ಅದರ ಹಿಂದಿರುವ ಮಾತಿಗೂ ಬೆಲೆ ಕೊಡುತ್ತಾರೆ. ಅಂಗಡಿ ನಡೆಸುವವರಿಗೆ ಇದು ಹೊಸ ವಿಷಯವೇನಲ್ಲ. ಕಮಲಾದೇವಿ ಇದನ್ನು ಇಪ್ಪತ್ತು ವರ್ಷದ ನಂತರ ಸೀರೆ, ಬೆಡ್‌ಶೀಟು, ಮಡಿಕೆ, ಬುಟ್ಟಿಗಳ ವಿಷಯದಲ್ಲಿ ಬಳಸಿದರು.

ಆಗಿನ ದೊಡ್ಡವರ ಫ್ಯಾಷನ್

ಆ ಕಾಲದ ಮಾರುಕಟ್ಟೆ ಹೇಗಿತ್ತು ನೋಡಿ. ರಾಜಮನೆತನಗಳ ಹೆಂಗಸರಲ್ಲಿ ಫ್ರೆಂಚ್ ಶಿಫಾನ್ ಸೀರೆಯ ಮೋಹ. ಇದನ್ನು ಬಳಕೆಗೆ ತಂದವರು ಕೂಚ್ ಬಿಹಾರದ ಮಹಾರಾಣಿ ಇಂದಿರಾದೇವಿ ಎಂಬ ಮಾತಿದೆ. ತೆಳ್ಳಗೆ, ಹಗುರ, ನೋಡಲು ನಾಜೂಕು. ಅರಮನೆಯವರು ಉಟ್ಟಿದ್ದನ್ನು ಅಧಿಕಾರಿಗಳ ಮನೆಯವರು ಉಟ್ಟರು, ಅವರನ್ನು ನೋಡಿ ವ್ಯಾಪಾರಿಗಳ ಮನೆಯವರು. ಇನ್ನೊಂದು ಕಡೆ ಗಿರಣಿ ಬಟ್ಟೆ ಅಗ್ಗವಾಗಿ ಪೇಟೆ ತುಂಬಿತ್ತು. ಮೇಲಿನ ಗಿರಾಕಿ ಪರದೇಶಕ್ಕೆ ಹೋದ, ಕೆಳಗಿನ ಗಿರಾಕಿ ಗಿರಣಿಗೆ ಹೋದ. ಕೈಮಗ್ಗದವನಿಗೆ ಉಳಿದವರು ಯಾರು?

ಅತ್ತ 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತಮ್ಮ ಮೊದಲ ಉಡುಪು ಪ್ರದರ್ಶನ ಮಾಡಿ ರಾತ್ರೋರಾತ್ರಿ ಜಗತ್ತಿಗೆ ಹೆಸರಾದರು. ಸಣ್ಣ ಸೊಂಟ, ಗಜಗಟ್ಟಲೆ ಬಟ್ಟೆಯ ಅಗಲ ಲಂಗ. ಯುದ್ಧದ ಕಾಲದಲ್ಲಿ ರೇಷನ್ ಬಟ್ಟೆ ಉಟ್ಟು ಬೇಸತ್ತ ಯುರೋಪಿನ ಸಿರಿವಂತ ಹೆಂಗಸರು ಮುಗಿಬಿದ್ದರು. ಅಲ್ಲಿ ಒಬ್ಬ ವಿನ್ಯಾಸಕಾರನ ಹೆಸರೇ ಬಂಡವಾಳ. ನೇಯ್ದವರು, ಹೊಲಿದವರು ಯಾರೆಂದು ಗಿರಾಕಿಗೆ ಗೊತ್ತಾಗುವುದಿಲ್ಲ.

ಅದೇ ವರ್ಷ ಇಲ್ಲಿ ದೇಶ ಇಬ್ಭಾಗವಾಯಿತು. ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದರು. ಕಮಲಾದೇವಿ ಸರ್ಕಾರದ ಹುದ್ದೆಗಳ ಹಿಂದೆ ಹೋಗಲಿಲ್ಲ. ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಹಕಾರಿ ಸಂಸ್ಥೆ ಕಟ್ಟಿ, ದೆಹಲಿ ಹತ್ತಿರದ ಫರೀದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರಿಗೆ ಊರು ಕಟ್ಟುವ ಕೆಲಸಕ್ಕೆ ಕೈಹಾಕಿದರು. ಸುಮಾರು 50 ಸಾವಿರ ಜನರ ಪ್ರಶ್ನೆ ಅದು. ಮನೆ ಕಟ್ಟಿಕೊಟ್ಟರೆ ಸಾಲದು, ಕೈಗೆ ಕೆಲಸ ಬೇಕು, ಮಾಡಿದ್ದನ್ನು ಮಾರಲು ಅಂಗಡಿ ಬೇಕು. ಈ ಮೂರೂ ಒಟ್ಟಿಗೆ ಇಲ್ಲದಿದ್ದರೆ ಯಾವುದೂ ನಿಲ್ಲುವುದಿಲ್ಲ ಅನ್ನುವುದು ಅಲ್ಲಿ ಗೊತ್ತಾದ ಪಾಠ.

ಜನಪಥದ ಆ ಅಂಗಡಿ

ದೆಹಲಿಯಲ್ಲಿ ಸರ್ಕಾರದ ಗುಡಿ ಕೈಗಾರಿಕೆ ಮಳಿಗೆಯೊಂದಿತ್ತು, ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ. 1952ರಲ್ಲಿ ಅದನ್ನು ನಡೆಸುವ ಜವಾಬ್ದಾರಿ ಕಮಲಾದೇವಿಯವರ ಸಹಕಾರಿ ಸಂಸ್ಥೆಗೆ ಬಂತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾಗಿ, ಅದರ ಅಧ್ಯಕ್ಷತೆಯೂ ಅವರಿಗೇ ಬಂತು. ಒಂದು ಕೈಯಲ್ಲಿ ಮಂಡಳಿ, ಇನ್ನೊಂದು ಕೈಯಲ್ಲಿ ಅಂಗಡಿ.

ಅಲ್ಲಿಂದಾಚೆ ನಡೆದ ಕೆಲಸವನ್ನು ವ್ಯಾಪಾರಸ್ಥರು ಗಮನಿಸಬೇಕು. ನೇಕಾರ ತಂದದ್ದನ್ನೆಲ್ಲ ಕನಿಕರದಿಂದ ಕೊಂಡು ರಾಶಿ ಹಾಕುವ ಪದ್ಧತಿ ಅದಲ್ಲ. ದಾನದ ಸರಕು ಎಂದರೆ ಗಿರಾಕಿ ಒಂದು ಸಲ ಕೊಳ್ಳುತ್ತಾನೆ, ಎರಡನೇ ಸಲ ಬರುವುದಿಲ್ಲ. ಬಣ್ಣ ಬಿಡಬಾರದು, ಅಳತೆ ಕಡಿಮೆ ಇರಬಾರದು, ಹಳೆಯ ವಿನ್ಯಾಸ ಇಂದಿನ ಮನೆಗೆ ಒಗ್ಗಬೇಕು. ದೇವಸ್ಥಾನಕ್ಕೆ ಬರೆಯುತ್ತಿದ್ದ ಚಿತ್ರದ ಬಟ್ಟೆ ಗೋಡೆಗೆ, ಸೀರೆಗೆ ಬರಬಹುದು. ಹಾಸುವ ಬಟ್ಟೆಯ ನೇಯ್ಗೆ ಪರದೆಯಾಗಬಹುದು. ಇದನ್ನು ಹುಡುಕಿ ಹೇಳಲು ದೆಹಲಿ, ಬೊಂಬಾಯಿ, ಕಲ್ಕತ್ತದ ಜೊತೆ ಬೆಂಗಳೂರಿನಲ್ಲೂ ಮಂಡಳಿಯ ವಿನ್ಯಾಸ ಕೇಂದ್ರ ಬಂತು.

ಸರಕು ಹುಡುಕಿಕೊಂಡು ಕಮಲಾದೇವಿ ಊರೂರು ಸುತ್ತಿದರು. ರೈಲು, ಬಸ್ಸು, ಜೀಪು, ಕೆಲವೆಡೆ ಕಾಲ್ನಡಿಗೆ. ಕುಶಲಕರ್ಮಿಯ ಮನೆ ಜಗಲಿಯಲ್ಲಿ ಕೂತು ನೂಲು ಎಲ್ಲಿಂದ ತರ್ತೀರಿ, ಸಾಲ ಯಾರ ಹತ್ರ, ಮಕ್ಕಳು ಇದೇ ಕಸುಬು ಮಾಡ್ತಾರಾ ಎಂದು ವಿಚಾರಿಸುತ್ತಿದ್ದರು. ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ ನಿಂತೇ ಹೋಗುವ ಸ್ಥಿತಿಯಲ್ಲಿದ್ದಾಗ, 1950ರ ದಶಕದಲ್ಲಿ ಅಲ್ಲಿ ತರಬೇತಿ ಕೇಂದ್ರ ತೆರೆದು ಉಳಿದಿದ್ದ ಹಿರಿಯ ಕೈಗಳಿಂದ ಹೊಸ ಹುಡುಗರಿಗೆ ಕಲಿಸಲಾಯಿತು. ಇವತ್ತು ತಾಲ್ಲೂಕು ಮಟ್ಟದ ಬಟ್ಟೆ ಅಂಗಡಿಯಲ್ಲೂ ಕಲಂಕಾರಿ ಬ್ಲೌಸ್ ಪೀಸ್ ಸಿಗುತ್ತದೆ ಅಂದರೆ ಅದರ ಹಿಂದೆ ಆ ಕೆಲಸವೂ ಇದೆ.

ಇತ್ತ ಎಂಪೋರಿಯಂ ದೆಹಲಿಯ ಗಣ್ಯರು ಹೋಗಲೇಬೇಕಾದ ಜಾಗವಾಯಿತು. ಮಂತ್ರಿಗಳ ಮನೆಯವರು, ರಾಯಭಾರಿಗಳ ಹೆಂಡತಿಯರು, ಪರದೇಶದ ಅತಿಥಿಗಳು ಅಲ್ಲಿಗೇ ಬರುತ್ತಿದ್ದರು. ದೊಡ್ಡ ಅಂಚಿನ ಹತ್ತಿ ಸೀರೆ, ಒರಟು ರೇಷ್ಮೆ, ಹಳ್ಳಿ ಕಡೆಯ ಬೆಳ್ಳಿ ಒಡವೆ ಇವೆಲ್ಲ ಸಂಜೆಯ ಪಾರ್ಟಿಗೆ ಬಂದವು. ಕಮಲಾದೇವಿ ತಾವು ಉಟ್ಟು ತೋರಿಸಿದರು. ಬೇರೆ ಜಾಹೀರಾತು ಬೇಕಾಗಲಿಲ್ಲ. ದೊಡ್ಡವರು ಉಟ್ಟಿದ್ದು ಕ್ರಮೇಣ ಮೇಷ್ಟ್ರ ಮನೆಗೆ, ಕ್ಲರ್ಕಿನ ಮನೆಗೆ ಇಳಿಯಿತು. ಹಿಂದೆ ಶಿಫಾನ್ ಇಳಿದು ಬಂದ ಮೆಟ್ಟಿಲಲ್ಲೇ ಈಗ ಕೈಮಗ್ಗ ಇಳಿದು ಬಂತು.

ಹೆಸರು ಯಾರದ್ದು?

ಪ್ಯಾರಿಸ್ಸಿನ ಅಂಗಡಿಗೂ ಜನಪಥದ ಅಂಗಡಿಗೂ ಇದ್ದ ದೊಡ್ಡ ವ್ಯತ್ಯಾಸ ಇಲ್ಲೇ. ಕಮಲಾದೇವಿ ತಮ್ಮ ಹೆಸರನ್ನು ಬಟ್ಟೆಗೆ ಅಂಟಿಸಲಿಲ್ಲ. ಮಾಡಿದವನ ಹೆಸರು ಹೊರಗೆ ಬರಬೇಕು ಅನ್ನುವುದು ಅವರ ಹಟ. 1960ರ ದಶಕದಿಂದ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ ಬಂತು. ಅಲ್ಲಿಯವರೆಗೆ ಬೆನ್ನು ಬಗ್ಗಿಸಿ ಕೂಲಿ ಎಣಿಸಿಕೊಂಡು ಹೋಗುತ್ತಿದ್ದವರು ದೆಹಲಿಗೆ ಹೋಗಿ ವೇದಿಕೆ ಹತ್ತಿ ಪ್ರಶಸ್ತಿ ತೆಗೆದುಕೊಂಡರು. ಊರಿಗೆ ವಾಪಸ್ ಬಂದಾಗ ಅವರಿಗೆ ಸಿಗುತ್ತಿದ್ದ ಮರ್ಯಾದೆಯೇ ಬೇರೆ.

1964ರಲ್ಲಿ ಅವರೂ ಅಮೆರಿಕದ ಐಲೀನ್ ಆಸ್ಬರ್ನ್ ವೆಬ್ ಮುಂತಾದವರೂ ಸೇರಿ ವಿಶ್ವ ಕರಕುಶಲ ಪರಿಷತ್ತು ಕಟ್ಟಿದರು. ಅದೇ ವರ್ಷ ನಾಟ್ಯ ಇನ್‌ಸ್ಟಿಟ್ಯೂಟ್ ಎಂಬ ಕಥಕ್ ಮತ್ತು ನೃತ್ಯ ಸಂಯೋಜನೆಯ ಶಾಲೆಯೂ ದೆಹಲಿಯಲ್ಲಿ ಆರಂಭವಾಯಿತು. ಕನ್ನಡತಿ ಮಾಯಾ ರಾವ್ ನಡೆಸಿದ ಆ ಸಂಸ್ಥೆ ನಂತರ ಬೆಂಗಳೂರಿಗೆ ಬಂತು. ಕಮಲಾದೇವಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಕೇಂದ್ರ ಜವಳಿ ಸಚಿವಾಲಯ 2017ರಲ್ಲಿ ನೇಕಾರ ಮತ್ತು ಕುಶಲಕರ್ಮಿ ಮಹಿಳೆಯರಿಗಾಗಿ ಅವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಘೋಷಿಸಿತು.

ವಿದ್ಯುತ್ ಮಗ್ಗದ ಊರಿಗೆ ಕಹಿಯಾದ ಪ್ರಶ್ನೆ

ಇಲ್ಲಿಯವರೆಗೆ ಓದಿದ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರಿಗೆ, ಕೂಲಿ ನೇಕಾರರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಮಲಾದೇವಿ ಕೈಮಗ್ಗದ ಪರ. ಹಾಗಾದರೆ ನಾವು ಯಾವ ಕಡೆ?

ಪ್ರಶ್ನೆ ನ್ಯಾಯವಾದದ್ದೇ. ಕೈಮಗ್ಗದವರ ರಕ್ಷಣೆಗೆಂದು 1985ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದಿತು. ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲಾಯಿತು, ಈಗ ಉಳಿದಿರುವುದು 11. ಹತ್ತಿ, ರೇಷ್ಮೆಯ ಕೆಲವು ಬಗೆಯ ಅಂಚು ಸೆರಗಿನ ಸೀರೆಗಳೂ ಅದರಲ್ಲಿ ಸೇರಿವೆ. ವಿದ್ಯುತ್ ಮಗ್ಗದಲ್ಲಿ ಇವನ್ನು ನೇಯುವ ಹಾಗಿಲ್ಲ. ಆದರೆ ದೊಡ್ಡಬಳ್ಳಾಪುರದಲ್ಲಿ ಸಾವಿರಾರು ಮನೆಗಳ ಒಲೆ ಉರಿಯುವುದು ವಿದ್ಯುತ್ ಮಗ್ಗದಿಂದ. ಇಲ್ಲಿ ನೇಯುವವನೂ ಶ್ರೀಮಂತನೇನಲ್ಲ. ನೂಲಿನ ರೇಟು ಏರಿದರೆ, ಕರೆಂಟು ಕೈಕೊಟ್ಟರೆ, ಮಾಲು ಹೋಗದೆ ನಿಂತರೆ ಮೊದಲು ಪೆಟ್ಟು ತಿನ್ನುವುದು ಅವನೇ.

ಕೈಮಗ್ಗದವನ ಅನ್ನ ಉಳಿಯಬೇಕು, ವಿದ್ಯುತ್ ಮಗ್ಗದವನ ಅನ್ನವೂ ಉಳಿಯಬೇಕು. ಇದಕ್ಕೆ ಸುಲಭದ ಉತ್ತರ ಕಮಲಾದೇವಿಯ ಬದುಕಿನಲ್ಲೂ ಇಲ್ಲ. ಅವರು ಗಾಂಧೀಜಿಯ ಕಾಲದವರು, ಕೈಯ ಕಸುಬೇ ಅವರಿಗೆ ಮೊದಲು. ಆದರೆ ಅವರು ಮಾಡಿದ ಕೆಲಸದ ದಾರಿ ಎರಡೂ ಕಡೆಯವರಿಗೆ ಬಳಕೆಗೆ ಬರುವಂಥದ್ದು.

ಮೈಸೂರು ಸಿಲ್ಕ್ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ ಕಾರ್ಖಾನೆಯ ಸೀರೆ ಅದು. ಕೈಮಗ್ಗದ್ದಲ್ಲ, ಯಂತ್ರದ್ದು. ಆದರೂ ಅರಮನೆಯಿಂದ ಮಧ್ಯಮ ವರ್ಗದ ಮದುವೆಮನೆವರೆಗೆ ಅದಕ್ಕೆ ಮರ್ಯಾದೆ ಇದೆ, ಅಂಗಡಿ ಮುಂದೆ ಕ್ಯೂ ಇದೆ. ಕಾರಣ, ಅದು ತಾನು ಅಲ್ಲದ್ದನ್ನು ತಾನು ಎಂದು ಹೇಳಿಕೊಳ್ಳುವುದಿಲ್ಲ. ಶುದ್ಧ ರೇಷ್ಮೆ, ನಿಜವಾದ ಜರಿ, ಸೀರೆಗೊಂದು ಗುರುತಿನ ಸಂಖ್ಯೆ. ಯಂತ್ರದ ಸೀರೆಗೂ ಹೆಸರು ಬರುತ್ತದೆ, ಸುಳ್ಳು ಲೇಬಲ್ ಇಲ್ಲದಿದ್ದರೆ.

ಅಂಗಡಿಯವರಿಗೂ ಪಾಲಿದೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ಇದೆ, ಅಪಾರೆಲ್ ಪಾರ್ಕ್ ಇದೆ. ದಿನ ಬೆಳಗಾದರೆ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಬಸ್ ಹತ್ತುತ್ತಾರೆ. ಗೂಡಿನಿಂದ ಹೊಲಿದ ಬಟ್ಟೆವರೆಗೆ ಎಲ್ಲವೂ ಒಂದೇ ಜಿಲ್ಲೆಯಲ್ಲಿ ಸಿಗುತ್ತೆ. ಇಲ್ಲಿ ನೇಯ್ದ ಸೀರೆ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ಬೇರೆ ಊರಿನ ಹೆಸರಿನಲ್ಲಿ ಮಾರಾಟವಾದರೆ ಗಿರಾಕಿ ಆ ಊರನ್ನು ಹೊಗಳುತ್ತಾನೆ. ದೊಡ್ಡಬಳ್ಳಾಪುರದ ಹೆಸರು ಎಲ್ಲೂ ಬರುವುದಿಲ್ಲ.

ಏಳು ವರ್ಷದ ಹುಡುಗಿಗೆ ಮಂಗಳೂರಿನಲ್ಲಿ ಆಗಿದ್ದೂ ಇದೇ. ಕಾಗದದಲ್ಲಿ ಹೆಸರಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಅವರು ಮುಂದೆ ಮಾಡಿದ ಕೆಲಸದ ಸಾರ ಮೂರು ಮಾತಿನಲ್ಲಿ ಹೇಳಬಹುದು. ಮಾಲು ಚೆನ್ನಾಗಿರಬೇಕು. ಅದು ಯಾವುದರಿಂದ, ಹೇಗೆ ಮಾಡಿದ್ದು ಅನ್ನುವುದನ್ನು ಗಿರಾಕಿಗೆ ನಿಜ ಹೇಳಬೇಕು. ಮಾಡಿದವನ ಹೆಸರು, ಊರಿನ ಹೆಸರು ಮಾಲಿನ ಜೊತೆ ಹೋಗಬೇಕು.

ಇದರಲ್ಲಿ ಸರ್ಕಾರದ ಅನುದಾನಕ್ಕೆ ಕಾಯುವಂಥದ್ದು ಏನೂ ಇಲ್ಲ. ಸೀರೆ ಅಂಗಡಿಯ ಕೌಂಟರ್‌ನಲ್ಲೇ ಶುರು ಮಾಡಬಹುದು. ಇದು ಪವರ್‌ಲೂಮ್ ಸೀರೆ, ನಮ್ಮ ತಾಲ್ಲೂಕಿನಲ್ಲೇ ನೇಯ್ದಿದ್ದು, ಇಂಥ ನೂಲು ಹಾಕಿದ್ದಾರೆ ಅಂತ ಹೇಳಿ ಮಾರಲು ಖರ್ಚಾಗುವುದಿಲ್ಲ. ಕೈಮಗ್ಗದ್ದು ಎಂದು ಸುಳ್ಳು ಹೇಳಿ ನಾಲ್ಕು ಕಾಸು ಹೆಚ್ಚು ಪಡೆದರೆ ಕೈಮಗ್ಗದವನ ಹೊಟ್ಟೆಗೂ ಹೊಡೆತ, ಸತ್ಯ ಗೊತ್ತಾದ ದಿನ ಅಂಗಡಿಗೂ ಹೊಡೆತ.

ಕಮಲಾದೇವಿ ಹುಟ್ಟಿದ ದಿನ ಏಪ್ರಿಲ್ 3. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ದಿನಗಳಲ್ಲಿ ಅವರ ಫೋಟೋಗೆ ಹಾರ ಹಾಕುವುದರ ಜೊತೆಗೆ, ತಾಲ್ಲೂಕಿನ ಹಿರಿಯ ನೇಕಾರರೊಬ್ಬರನ್ನು ಕರೆದು, ಅವರು ನೇಯ್ದ ಸೀರೆಯನ್ನು ಅವರ ಹೆಸರು ಹೇಳಿಯೇ ಅಂಗಡಿಯ ಮುಂದೆ ತೂಗುಹಾಕಿದರೆ, ಆ ಹೆಣ್ಣುಮಗಳು ಜೀವನಪೂರ್ತಿ ಮಾಡಿದ ಕೆಲಸವನ್ನೇ ಮಾಡಿದಂತಾಗುತ್ತದೆ.